ಕಣ ಹೋದರೆ ಊರೂ ಹೋಗ್ತದೆ

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತವೂ ನಮ್ಮ ಬಯಲುಸೀಮೆಯ ಹಾಗೆ ಮಳೆ ನಂಬಿದ ನಾಡು. ಅದರ ತೆಂಕಣ ಭಾಗದಲ್ಲಿ ಮಳೆ, ಹಿಮ ಎಲ್ಲಾ ಸೇರಿದರೂ ವರ್ಷಕ್ಕೆ 350 ಮಿ.ಮೀ. ಆಸುಪಾಸು. ಕಣ್ಣು ಹರಿದಷ್ಟೂ ಹುಲ್ಲುಬಯಲು. ಪ್ರೈರಿ ಅಂತ ಕರೀತಾರೆ. ಅಲ್ಲಿ ಬೆಳೆದ ಮಸೂರ್ ಬೇಳೆ, ಬಟಾಣಿ ನಮ್ಮ ಪೇಟೆಗೂ ಬರ್ತದೆ. ವಿದೇಶಿ ಬಟಾಣಿ ಬಂದರೆ ತೊಗರಿ ಧಾರಣೆ ಕುಸೀತದೆ ಅಂತ ಕಲಬುರಗಿ ಕಡೆ ರೈತರು ಕೂಗ್ತಾರೆ. 2017ರಲ್ಲಿ ನಮ್ಮ ಸರಕಾರ ಬಟಾಣಿ ಆಮದಿಗೆ ಶೇ. 50 ಸುಂಕ ಹಾಕಿದಾಗ ಅಲ್ಲಿಯ ರೈತನಿಗೂ ಬಿಸಿ ತಟ್ಟಿತು. ಹೀಗೆ ಒಬ್ಬರ ಹೊಲ ಇನ್ನೊಬ್ಬರ ಹೊಲಕ್ಕೆ ಗಂಟು ಬಿದ್ದಿರುವಾಗ ಆ ಊರುಗಳ ಕಥೆ ನಮಗೂ ಬೇಕು.

1872ರಲ್ಲಿ ಕೆನಡಾ ಸರಕಾರ ಒಂದು ಕಾನೂನು ಮಾಡಿತು. 10 ಡಾಲರ್ ಕಟ್ಟಿ 160 ಎಕರೆ ಹಿಡೀಬಹುದು. ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ನೆಲ ಒಡೆದರೆ ಪಟ್ಟಾ. ಉಕ್ರೇನ್, ಜರ್ಮನಿ, ಇಂಗ್ಲೆಂಡ್ ಕಡೆಯಿಂದ ಬಡವರು ಬಂದರು. ಮರ ಸಿಗದ ಕಡೆ ಹುಲ್ಲುಹೆಂಟೆಯನ್ನೇ ಇಟ್ಟಿಗೆ ಹಾಗೆ ಕೊಯ್ದು ಗೋಡೆ ಎಬ್ಬಿಸಿದರು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಒಬ್ಬಂಟಿಯಾಗಿ ಬದುಕೋಕೆ ಆಗದ ಜಾಗ ಅದು. ಹಂಗಾಗಿ ಒಬ್ಬರ ಕೊಟ್ಟಿಗೆಯನ್ನು ಹತ್ತು ಮನೆಯವರು ಸೇರಿ ಎತ್ತಿದರು. ಒಂದು ಒಕ್ಕಣೆ ಯಂತ್ರ ಹೊಲದಿಂದ ಹೊಲಕ್ಕೆ ತಿರುಗಿತು, ಅದರ ಹಿಂದೆ ಆಳುಗಳೂ ತಿರುಗಿದರು. ನಮ್ಮ ಮುಯ್ಯಾಳು ಪದ್ಧತಿಯೇ ಅಲ್ವೇ ಇದು?

ರೈಲುದಾರಿಯಲ್ಲಿ ಎಂಟು ಹತ್ತು ಮೈಲಿಗೊಂದು ಊರು ಎದ್ದಿತು. ಕುದುರೆ ಗಾಡಿಯಲ್ಲಿ ಗೋಧಿ ಹೇರಿ ಹೋದವನು ಅವತ್ತೇ ಮನೆಗೆ ಬರಬೇಕಲ್ಲ, ಅದೇ ಲೆಕ್ಕ. ಪ್ರತಿ ಊರಲ್ಲೂ ಎತ್ತರದ ಮರದ ಕಣಜ, ಅದರ ಮೇಲೆ ಊರಿನ ಹೆಸರು. ಎಲಿವೇಟರ್ ಅಂತಾರೆ. ನಮಗೆ ಊರ ಗೋಪುರ ದೂರದಿಂದ ಕಾಣೋ ಹಾಗೆ ಅವರಿಗೆ ಅದು ಕಾಣೋದು. 1930ರ ದಶಕದಲ್ಲಿ ಕೆನಡಾದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿದ್ದವು. ಈಗ ಧಾನ್ಯ ತುಂಬುವಂಥವು ಕೆಲವೇ ನೂರು.

ಆ ಜನ ವ್ಯಾಪಾರಿಯ ತಕ್ಕಡಿ ನಂಬಿ ಕೂರಲಿಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸಿ 1924ರಲ್ಲಿ ಸಸ್ಕಾಚೆವಾನ್ ವೀಟ್ ಪೂಲ್ ಅನ್ನೋ ರೈತರದ್ದೇ ಸಹಕಾರಿ ಸಂಸ್ಥೆ ನಿಲ್ಲಿಸಿದರು. ಡಾಕ್ಟರು ಬರದ ಕಡೆ ಊರವರೇ ತೆರಿಗೆ ಹಾಕಿಕೊಂಡು ಸಂಬಳ ಕೊಟ್ಟು ಡಾಕ್ಟರನ್ನು ಇಟ್ಟುಕೊಂಡರು. ಅದೇ ಅಭ್ಯಾಸ ಬೆಳೆದು 1962ರಲ್ಲಿ ಇಡೀ ಪ್ರಾಂತಕ್ಕೆ ಸರಕಾರಿ ವೈದ್ಯಕೀಯ ವಿಮೆ ಆಯಿತು. ಆಮೇಲೆ ಇಡೀ ದೇಶ ಅದನ್ನು ಅನುಸರಿಸಿತು.

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯ. ಆ ನೆಲ ಖಾಲಿ ಇರಲಿಲ್ಲ. ಕ್ರೀ ಮುಂತಾದ ಮೂಲನಿವಾಸಿಗಳು ಕಾಡುಕೋಣದಂಥ ಬೈಸನ್ ನಂಬಿ ಬದುಕಿದ್ದರು. 1880ರ ಹೊತ್ತಿಗೆ ಬೈಸನ್ ಹೆಚ್ಚೂಕಮ್ಮಿ ಮುಗಿದಿತ್ತು. 1874, 1876ರ ಒಪ್ಪಂದಗಳ ನಂತರ ಅವರನ್ನು ಸಣ್ಣ ಸಣ್ಣ ಮೀಸಲು ಜಾಗಕ್ಕೆ ಸೇರಿಸಿದರು. ಅಲ್ಲೂ ಕೆಲವರು ಚೆನ್ನಾಗಿ ಬೇಸಾಯ ಕಲಿತರು. ಆಗ ಸರಕಾರ ಏನು ಮಾಡ್ತು ಗೊತ್ತೇ? 1889ರಿಂದ ಅವರು ಯಂತ್ರ ಬಳಸಕೂಡದು, ಕೈ ಉಪಕರಣ ಸಾಕು ಅಂತ ತಡೆ ಹಾಕಿತು. ಬೆಳೆದ ಕಾಳು ಮಾರೋಕೂ ಅಧಿಕಾರಿಯ ಚೀಟಿ ಬೇಕಿತ್ತು. ಒಬ್ಬ ರೈತನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಹಿರಿಯರ ಹಬ್ಬ ಮಾಡುವ ಊರು ಈ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಇನ್ನು ಈಗಿನ ಸಂಗತಿ. 1936ರಲ್ಲಿ ಸಸ್ಕಾಚೆವಾನ್‌ನಲ್ಲಿ 1 ಲಕ್ಷ 42 ಸಾವಿರ ಒಕ್ಕಲು ಇದ್ದವು. 2021ರ ಗಣತಿಯಲ್ಲಿ ಸುಮಾರು 34 ಸಾವಿರ. ಒಂದೊಂದರ ಸರಾಸರಿ ಹಿಡುವಳಿ 1,700 ಎಕರೆ ಮೀರಿದೆ. ಧಾನ್ಯ ಸಾಗಣೆಗೆ 1897ರಿಂದ ಇದ್ದ ಕಡಿಮೆ ರೈಲುದರದ ವ್ಯವಸ್ಥೆ 1995ರಲ್ಲಿ ಪೂರ್ತಿ ಕೊನೆಯಾಯಿತು. ಕವಲು ರೈಲುದಾರಿ ಕಿತ್ತರು, ಎಲಿವೇಟರ್ ಕೆಡವಿದರು. ಅದು ಹೋದ ಮೇಲೆ ಅಂಗಡಿ, ಅದರ ಹಿಂದೆ ಶಾಲೆ. ವೀಟ್ ಪೂಲ್ 1996ರಲ್ಲಿ ಷೇರುಪೇಟೆಗೆ ಹೋಯಿತು. 2007ರಲ್ಲಿ ಇನ್ನೊಂದು ಸಂಸ್ಥೆಯನ್ನು ಕೊಂಡು ವಿಟೆರಾ ಅಂತ ಹೆಸರು ಬದಲಾಯಿಸಿತು. 2025ರಲ್ಲಿ ಅದೂ ಬಂಗೆ ಅನ್ನೋ ದೊಡ್ಡ ಕಂಪನಿಯಲ್ಲಿ ಕರಗಿತು. ಮನೆಮನೆ ತಿರುಗಿ ಕಟ್ಟಿದ್ದು ಹೀಗೆ ಮುಗಿಯಿತು.

ಮ್ಯಾನಿಟೋಬಾದ ಇಂಗ್ಲಿಸ್ ಎಂಬ ಊರಲ್ಲಿ ಐದು ಹಳೇ ಎಲಿವೇಟರ್ ಸಾಲಾಗಿ ಉಳಿಸಿದ್ದಾರೆ, ರಾಷ್ಟ್ರೀಯ ಸ್ಮಾರಕ. ಒಳ್ಳೇದೇ. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಸಸ್ಕಾಚೆವಾನ್‌ನ ನೈಋತ್ಯ ಮೂಲೆಯವರ ಕೆಲಸ. ಅಲ್ಲಿಯ ಕವಲು ರೈಲನ್ನು 2004ರಲ್ಲಿ ರೈತರು, ಸ್ಥಳೀಯ ಆಡಳಿತದವರು ಸೇರಿ ತಾವೇ ಕೊಂಡರು. ಗ್ರೇಟ್ ವೆಸ್ಟರ್ನ್ ರೈಲ್ವೆ ಅಂತ ಹೆಸರು. ಮೊದಲಿನದ್ದು ನೆನಪು, ಎರಡನೆಯದು ಹಿರಿಯರ ಗುಣ. ಇವತ್ತಿಗೂ ಒಬ್ಬ ರೈತ ಕಾಯಿಲೆ ಬಿದ್ದರೆ ಅಕ್ಕಪಕ್ಕದವರು ಕಂಬೈನ್ ತಂದು ಅವನ ಗೋಧಿ ಕೊಯ್ದು ಕೊಡೋದು ಅಲ್ಲಿ ಉಂಟು. ಆದರೆ ನೆರೆಯವನೇ ಇಲ್ಲದಿದ್ದರೆ ಬರೋರು ಯಾರು?

ಯಂತ್ರ ಬಂದ ಮೇಲೆ ಜನ ಕಮ್ಮಿ ಆಗೋದು ಸಹಜ, ಇದ್ದವರು ಅನುಕೂಲವಾಗಿದ್ದಾರಲ್ಲ ಅಂತ ಕೆಲವರು ಹೇಳಬಹುದು. ನಿಜ, ಕುದುರೆ ಗಾಡಿಗೆ ವಾಪಸ್ ಹೋಗಿ ಅಂತ ಯಾರೂ ಹೇಳೋಲ್ಲ. ಯಂತ್ರ ಬರಲಿ. ಆದರೆ ತೂಕ, ಸಾಗಣೆ, ಮಾರಾಟ ಇವು ಊರ ಕೈ ತಪ್ಪಿದರೆ ಯಂತ್ರದ ಲಾಭವೂ ಊರಲ್ಲಿ ನಿಲ್ಲೋದಿಲ್ಲ. ಪ್ರೈರಿಯಲ್ಲಿ ಆಗಿದ್ದು ಇದೇ.

ನಮ್ಮ ಕಡೆಯೂ ಊರ ಕಣ ಹೋಯ್ತು, ಟಾರ್ ರಸ್ತೆ ಮೇಲೆ ರಾಗಿ ಒಕ್ತೀವಿ. ಹಗೇವು ಮುಚ್ಚಿದವು. ಮುಯ್ಯಾಳು ಅಂದರೆ ಹುಡುಗರಿಗೆ ಅರ್ಥವೇ ಆಗೋಲ್ಲ. ಉಳಿದಿರೋದು ಕೆರೆ, ಗೋಮಾಳ, ಸಹಕಾರಿ ಸಂಘ. ಹತ್ತು ಜನ ಸೇರಿದರೆ ಹಿಡಿದುಕೊಳ್ಳಬಹುದಾದವು ಇವು.

ಜಾತ್ರೆಗೆ ಪಟ್ಟಿ ಎತ್ತೋಕೆ ಮನೆಮನೆ ತಿರುಗುವ ನಾವು ಸಂಘದ ವಾರ್ಷಿಕ ಸಭೆಗೆ ಯಾಕೆ ಹೋಗೋಲ್ಲ? ವೀಟ್ ಪೂಲ್‌ನಂಥದ್ದೇ ಕೈ ತಪ್ಪಿತು ಅಂದ ಮೇಲೆ ನಮ್ಮೂರ ಸಂಘ ಯಾವ ಲೆಕ್ಕ! ಮುಂದಿನ ಸಭೆಯ ತಾರೀಖು ಕೇಳಿಕೊಂಡು ಬನ್ನಿ. ಲೆಕ್ಕಪತ್ರ ಓದಿಸಿ ಕೇಳಿ. ಬರುವಾಗ ಪಕ್ಕದ ಹೊಲದವನನ್ನೂ ಕರಕೊಂಡು ಬನ್ನಿ.