ಹಾಸನಾಂಬೆಯ ಬಾಗಿಲು ಮುಚ್ಚಿದ ಮೇಲೆ

ಹಾಸನದ ಪೇಟೆಗೆ ಕಳೆ ಬರಬೇಕಾದರೆ ಏನಾದರೊಂದು ದೊಡ್ಡ ಆಕರ್ಷಣೆ ಬೇಕು ಎನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಕೆರೆಯಲ್ಲಿ ದೋಣಿ, ಸಂಗೀತ ಕಾರಂಜಿ, ಬೀದಿ ತುಂಬ ಬಣ್ಣದ ದೀಪ. ಹೇಳುವವರ ಕಾಳಜಿ ಸುಳ್ಳಲ್ಲ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಏರಿದರೆ ಹಾಸನ ಜಿಲ್ಲೆಯದು ಏರಿದ್ದು ಶೇ 3ರ ಆಸುಪಾಸು. ನಮ್ಮ ಹಳೇಕೋಟೆ ಹೋಬಳಿಯಲ್ಲಿ ಯಾರದಾದರೂ ಮನೆಗೆ ಹೋಗಿ ಮಗ ಎಲ್ಲಿದ್ದಾನೆ ಎಂದು ಕೇಳಿ. ಬೆಂಗಳೂರಿನ ಯಾವುದೋ ಬಡಾವಣೆಯ ಹೆಸರು ಬರುತ್ತದೆ.

ಆದರೆ ಆಕರ್ಷಣೆಯೊಂದು ಊರಿಗೆ ಏನು ಮಾಡಬಲ್ಲದು ಎಂದು ಊಹಿಸುತ್ತ ಕೂರುವ ಅಗತ್ಯ ಹಾಸನಕ್ಕಿಲ್ಲ. ಹಳೇ ಊರಿನ ಒಳಗೇ ಹಾಸನಾಂಬೆ ಇದ್ದಾಳೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆದು ಮುಚ್ಚುತ್ತಾರೆ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ ಬಂದವರು 20 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಹಾಸನ ನಗರದ ಜನ 1.33 ಲಕ್ಷ. ಇಷ್ಟು ಜನರನ್ನು ಊರ ನಡುವಿಗೆ ಎಳೆದು ತರುವ ಕಾರಂಜಿಯನ್ನು ಯಾವ ಇಂಜಿನಿಯರೂ ಕಟ್ಟಲಾರ.

ಈ ಜನ ಬಂದು ಮಾಡುವುದೇನು? ಬೆಂಗಳೂರಿನಿಂದ ವಿಶೇಷ ಬಸ್ಸು ಹತ್ತುತ್ತಾರೆ. ಕೈಯಲ್ಲಿ ಕಾಸಿದ್ದವರು ಸಾವಿರದ್ದೋ ಮುನ್ನೂರದ್ದೋ ಟಿಕೆಟ್ ಹಿಡಿದು, ಇಲ್ಲದವರು ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಅಮ್ಮನನ್ನು ನೋಡುತ್ತಾರೆ. ಲಾಡು ತಗೊಂಡು ಮತ್ತೆ ಬಸ್ಸಿಗೆ. ಆಟೊದವರಿಗೆ, ಲಾಡ್ಜಿನವರಿಗೆ, ಹೋಟೆಲಿನವರಿಗೆ ಆ ದಿನಗಳಲ್ಲಿ ನಿಜವಾಗಿ ನಾಲ್ಕು ಕಾಸು ಹುಟ್ಟುತ್ತದೆ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಬ್ಯಾರಿಕೇಡಿನ ಆಚೆ ಸಿಕ್ಕಿಹಾಕಿಕೊಂಡ ಬಟ್ಟೆ ಅಂಗಡಿಗೆ, ಪಾತ್ರೆ ಅಂಗಡಿಗೆ ದೀಪಾವಳಿಯ ಗಿರಾಕಿಯೇ ತಪ್ಪುತ್ತಾನೆ. ಕಾಣಿಕೆ ದೇವಸ್ಥಾನದ ಖಾತೆಗೆ, ಕಸ ಪೌರಕಾರ್ಮಿಕರ ತಳ್ಳುಗಾಡಿಗೆ. ಬಾಗಿಲು ಮುಚ್ಚಿದ ವಾರಕ್ಕೆ ಬೀದಿ ಮತ್ತೆ ಮೊದಲಿನಂತೆಯೇ. ಇಂಥ ದೇವತೆಯೇ ವರ್ಷವಿಡೀ ಪೇಟೆಯನ್ನು ಸಾಕಲಾರಳು ಎಂದ ಮೇಲೆ ಕಾರಂಜಿ ಸಾಕೀತೇ?

ಅಮೆರಿಕದ ಫ್ಲಿಂಟ್ ಎಂಬ ಊರು ಈ ಪ್ರಯೋಗವನ್ನು ಕೈಸುಟ್ಟುಕೊಂಡು ಮಾಡಿ ಮುಗಿಸಿದೆ. ಜನರಲ್ ಮೋಟಾರ್ಸ್ ಹುಟ್ಟಿದ ಊರದು. ಕಾರ್ಖಾನೆಗಳ ಕೆಲಸ ಕರಗತೊಡಗಿದಾಗ ಊರ ನಡುವೆ ಕಾರುಗಳದೇ ಒಂದು ಮನರಂಜನಾ ಲೋಕ, ಆಟೊವರ್ಲ್ಡ್ ಕಟ್ಟಿದರು. 1984ರ ಜುಲೈನಲ್ಲಿ ತೆರೆದದ್ದು ಮರುವರ್ಷದ ಆರಂಭಕ್ಕೇ ಬಾಗಿಲು ಹಾಕಿತು. 1997ರಲ್ಲಿ ಕಟ್ಟಡವನ್ನೇ ಉರುಳಿಸಿದರು. ಸ್ಪೇನಿನ ಬಿಲ್ಬಾವೊಗೆ ಅದೇ 1997ರಲ್ಲಿ ಬಂದ ಗುಗೆನ್‌ಹೈಮ್ ಮ್ಯೂಸಿಯಂ ಊರನ್ನೇ ಎತ್ತಿತಲ್ಲ ಎಂದು ಯಾರಾದರೂ ಕೇಳಬಹುದು. ಎತ್ತಿತು. ಅದಕ್ಕೂ ಎರಡು ವರ್ಷ ಮೊದಲೇ ಅಲ್ಲಿ ಮೆಟ್ರೊ ಓಡುತ್ತಿತ್ತು, ನದಿಯನ್ನು ತೊಳೆಯುವ ಕೆಲಸವೂ ನಡೆದಿತ್ತು. ಅಷ್ಟು ದೂರ ಹೋಗುವುದೇಕೆ, ದಾವಣಗೆರೆ ಇದೆ. ಹತ್ತಿ ಗಿರಣಿಗಳು ಒಂದೊಂದಾಗಿ ನಿಂತ ಮೇಲೂ ಆ ಊರು ಉಸಿರಾಡಿದ್ದು 1965ರ ಜೆಜೆಎಂ ವೈದ್ಯಕೀಯ ಕಾಲೇಜು, ಅದರ ಬೆನ್ನಿಗೆ ಬಂದ ಕಾಲೇಜುಗಳು, ಆಸ್ಪತ್ರೆಗಳಿಂದ. ಕುಂದುವಾಡದ ಗಾಜಿನ ಮನೆ ಆಮೇಲಿನದು. ಚೆನ್ನಾಗಿದೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಹಾಸನದ ಪೇಟೆ ಕಟ್ಟಿದ್ದು ಆಲೂಗಡ್ಡೆ ಎಂದು ನಾನು ಹೇಳಿದರೆ ಹೊರಗಿನವರು ನಕ್ಕಾರು, ಇಲ್ಲಿಯವರು ನಗಲಾರರು. ಬೇಸಿಗೆಯ ಕೊನೆಗೆ ಜಲಂಧರದಿಂದ ಬಿತ್ತನೆ ಗಡ್ಡೆಯ ಲಾರಿಗಳು ಎಪಿಎಂಸಿ ಯಾರ್ಡಿಗೆ ಬಂದು ನಿಲ್ಲುತ್ತಿದ್ದವು. ಅರಕಲಗೂಡು, ಆಲೂರು, ಬೇಲೂರು ಕಡೆಯ ರೈತರು ಗಡ್ಡೆ ಹೇರಿಕೊಂಡು ಹೋಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಫಸಲಿನ ದುಡ್ಡು ಹಿಡಿದು ಅದೇ ಪೇಟೆಗೆ ಬರುತ್ತಿದ್ದರು. ಸೀರೆ, ಒಡವೆ, ಮದುವೆಯ ಪಾತ್ರೆ ಎಲ್ಲ ಆ ದುಡ್ಡಿನಲ್ಲೇ. ಅಂಗಮಾರಿ ರೋಗ ಬಂದು ಬಂದು ಹೊಲ ಸುಟ್ಟಿತು. ಹತ್ತಾರು ಸಾವಿರ ಹೆಕ್ಟೇರಿನಲ್ಲಿದ್ದ ಬೆಳೆ ಕುಗ್ಗಿ, ಆ ಜಾಗಕ್ಕೆ ಮುಸುಕಿನ ಜೋಳ, ಶುಂಠಿ ಬಂದವು. ಗಿರಾಕಿಯ ಜೇಬು ಹೊಲದಲ್ಲಿ ಬರಿದಾಗಿರುವಾಗ ಅಂಗಡಿಯ ಮುಂದೆ ದೀಪ ಹಾಕುತ್ತೇವೆಂದು ಹೊರಡುವುದು ನನಗೆ ಅರ್ಥವಾಗುವುದಿಲ್ಲ.

ಮತ್ತೊಂದು ಏಟು ನಾವೇ ಕೊಟ್ಟದ್ದು. ಮೊದಲು ಹಳ್ಳಿಯ ಬಸ್ಸು ಇಳಿದರೆ ಕಟ್ಟಿನಕೆರೆ ಮಾರುಕಟ್ಟೆ ಕೂಗಳತೆಯಲ್ಲಿತ್ತು. ಈಗ ದೂರದೂರಿನ ಬಸ್ಸುಗಳು ಚನ್ನಪಟ್ಟಣ ಕೆರೆಯ ಜಾಗದಲ್ಲಿ ಎದ್ದ ಹೊಸ ನಿಲ್ದಾಣಕ್ಕೆ ಹೋಗುತ್ತವೆ, ಹಳೆಯದು ಸಿಟಿ ಬಸ್ಸಿನ ಪಾಲು. ನಿಲ್ದಾಣ ವಿಶಾಲವಾಗಿದೆ, ಒಪ್ಪುತ್ತೇನೆ. ಆದರೆ ಸೊಪ್ಪಿನ ಕುಕ್ಕೆ ಹೊತ್ತು ಬಂದ ಹೆಂಗಸು ಅಲ್ಲಿಂದ ಮಾರುಕಟ್ಟೆ ಮುಟ್ಟಲು ಆಟೊಗೆ ಕೊಡುವುದು ಆವತ್ತಿನ ಲಾಭದ ಒಂದು ಪಾಲನ್ನು. ಕೆರೆಯ ಅಂಗಳದಲ್ಲಿ ನಿಲ್ದಾಣ ಕಟ್ಟಿ, ಆಮೇಲೆ ಉಳಿದ ಕೆರೆಯನ್ನು ವಿಹಾರತಾಣ ಮಾಡಲು ಕೋಟಿಗಟ್ಟಲೆ ಲೆಕ್ಕ ಹಾಕುವ ನಮ್ಮ ಜಾಣತನಕ್ಕೆ ಏನೆನ್ನಬೇಕೋ.

ಪ್ರವಾಸಿಗಳ ಕಥೆಯೂ ಹೀಗೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದವು. ನೋಡಲು ಬರುವವರು ಹಾಸನವನ್ನು ದಾಟಿಯೇ ಹೋಗುತ್ತಾರೆ, ಹೆದ್ದಾರಿ ಪಕ್ಕದಲ್ಲಿ ತಿಂಡಿ ತಿಂದು ಸಂಜೆಗೆ ಬೆಂಗಳೂರು ಸೇರುತ್ತಾರೆ. ಮಹಾರಾಜ ಪಾರ್ಕಿನಲ್ಲಿ ಸರ್ಕಾರದ್ದೇ ವಸ್ತುಸಂಗ್ರಹಾಲಯ ಇದೆ. ಹಾಸನಾಂಬೆಯ ಸಾಲಿನಲ್ಲಿ ನಿಂತವರಿಗೆ ಅದರ ದಾರಿ ತೋರಿಸುವ ಒಂದು ಫಲಕ ಹಾಕಿದರೂ ಹೊಸ ಆಕರ್ಷಣೆಯ ಅರ್ಧ ಖರ್ಚು ಉಳಿದೀತು.

ಊರು ಈಗ ಮಹಾನಗರ ಪಾಲಿಕೆಯ ಪಟ್ಟಕ್ಕೆ ಏರಿದೆ. ದುಡ್ಡು ಬಂದರೆ ಮೊದಲು ಹೊಸ ನಿಲ್ದಾಣದಿಂದ ಕಟ್ಟಿನಕೆರೆಗೆ, ಅಲ್ಲಿಂದ ಆಸ್ಪತ್ರೆಗೆ ಐದೈದು ನಿಮಿಷಕ್ಕೊಂದು ಚಿಕ್ಕ ಬಸ್ಸು ಬಿಡಲಿ. ಮಾರುಕಟ್ಟೆಯಲ್ಲಿ ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ, ಮಳೆ ಬಂದರೆ ಸೊಪ್ಪು ನೆನೆಯದಂಥ ಸೂರು ಆಗಲಿ. ಹೊಳೆನರಸೀಪುರ, ಅರಕಲಗೂಡು ಕಡೆಗೆ ರಾತ್ರಿ ಇನ್ನೊಂದು ಬಸ್ಸು ಇದ್ದರೆ ನಮ್ಮ ಜನ ಅಂಗಡಿಯಲ್ಲಿ ಅರ್ಧ ಗಂಟೆ ಹೆಚ್ಚು ಕೂರುತ್ತಾರೆ. ಇದಕ್ಕೆಲ್ಲ ಉದ್ಘಾಟನೆ ಬೇಕೆಂದಾದರೆ ಶೌಚಾಲಯದ ಬಾಗಿಲಿಗೂ ರಿಬ್ಬನ್ ಕಟ್ಟಲಿ, ಕತ್ತರಿಸಲು ಯಾರು ಬಂದರೂ ನಾವು ಚಪ್ಪಾಳೆ ತಟ್ಟುತ್ತೇವೆ.