ಒಮ್ಮೆ ಎಫ್‌ಐಆರ್ ಆದರೆ ಜೀವನದಲ್ಲಿ ಕೆಲಸವೇ ಸಿಗುವುದಿಲ್ಲವೇ? ನಿಜ ಏನು?

"ಒಂದು ಸಲ ಎಫ್‌ಐಆರ್ ಆದರೆ ಮುಗೀತು, ಸರ್ಕಾರಿ ಕೆಲಸ ಸಿಗಲ್ಲ" ಎಂಬ ಮಾತನ್ನು ನೀವೂ ವಾಟ್ಸಾಪ್‌ನಲ್ಲಿ ನೋಡಿರುತ್ತೀರಿ. ಇದಕ್ಕೆ ಉಲ್ಟಾ ಸಲಹೆಯೂ ಓಡಾಡುತ್ತದೆ: "ಕೇಸ್ ಖುಲಾಸೆ ಆಗಿದೆಯಲ್ಲ, ಫಾರಂನಲ್ಲಿ ಬರೆಯಬೇಡ." ಮೊದಲನೆಯದು ತಪ್ಪು. ಎರಡನೆಯದು ಅಪಾಯಕಾರಿ.

ದಾವಣಗೆರೆ ಜಿಲ್ಲೆಯ ನ್ಯಾಮತಿಯಂಥ ಊರನ್ನೇ ತೆಗೆದುಕೊಳ್ಳೋಣ. ಹೊಲದ ಬದುವಿನ ಜಗಳ, ಮೆರವಣಿಗೆಯ ತಳ್ಳಾಟ, ಇಸ್ಪೀಟ್ ಆಟ: ಇಂಥ ಕೇಸುಗಳಲ್ಲಿ ಅಣ್ಣನ ಜೊತೆ ತಮ್ಮನ ಹೆಸರೂ ಸೇರಿಬಿಡಬಹುದು. ಕೆಲವು ವರ್ಷಗಳ ನಂತರ ಆ ತಮ್ಮ ಕಾನ್‌ಸ್ಟೆಬಲ್ ಪರೀಕ್ಷೆ ಪಾಸಾದಾಗಲೋ, ಬೆಂಗಳೂರಿನ ಕಂಪನಿಯಿಂದ ಆಫರ್ ಬಂದಾಗಲೋ ಮನೆಯವರಿಗೆ ದಿಗಿಲು ಶುರುವಾಗುತ್ತದೆ.

ಎಫ್‌ಐಆರ್ ಎಂದರೆ ಶಿಕ್ಷೆಯೇ?

ಅಲ್ಲ. ಎಫ್‌ಐಆರ್ ಎಂದರೆ ಪೊಲೀಸರಿಗೆ ಬಂದ ಮೊದಲ ಮಾಹಿತಿ, ಅಷ್ಟೇ. ನಂತರ ತನಿಖೆ, ಆರೋಪಪಟ್ಟಿ, ವಿಚಾರಣೆ, ಕೊನೆಗೆ ತೀರ್ಪು. ನ್ಯಾಯಾಲಯ ತಪ್ಪಿತಸ್ಥ ಎಂದು ಹೇಳುವವರೆಗೆ ಅದು ಕೇವಲ ಆರೋಪ.

ಇಲ್ಲೇ ಬಹಳ ಜನ ಎಡವುತ್ತಾರೆ. ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ಕೆಲವು ನೂರು ರೂಪಾಯಿ ದಂಡ ಕಟ್ಟಿ "ಕೇಸ್ ಮುಗೀತು" ಎಂದು ಮನೆಗೆ ಬರುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಶಿಕ್ಷೆಯಾದ ಪ್ರಕರಣ. ಆದರೆ ರಾಜಿಗೆ ಅವಕಾಶವಿರುವ ಅಪರಾಧದಲ್ಲಿ ಕಾನೂನು ಪ್ರಕಾರ ರಾಜಿಯಾದರೆ ಅದು ಖುಲಾಸೆಗೆ ಸಮ. ಆದ್ದರಿಂದ ದಂಡ ಕಟ್ಟುವ ಮೊದಲೇ ವಕೀಲರನ್ನು ಕೇಳಿ.

ಅವರಿಗೆ ಹೇಗೆ ಗೊತ್ತಾಗುತ್ತದೆ?

ಸರ್ಕಾರಿ ನೌಕರಿಯಾದರೆ ಅಭ್ಯರ್ಥಿಯ ಪೂರ್ವಾಪರ ಪರಿಶೀಲನೆ ಪೊಲೀಸರ ಮೂಲಕ ನಡೆಯುತ್ತದೆ. ಠಾಣೆಗಳ ದಾಖಲೆ ಈಗ ಸಿಸಿಟಿಎನ್‌ಎಸ್ ಎಂಬ ಜಾಲದಲ್ಲಿ ಸೇರಿದೆ. ಖಾಸಗಿ ಕಂಪನಿಗಳ ಪರವಾಗಿ ಪರಿಶೀಲಿಸುವ ಏಜೆನ್ಸಿಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಕೆಲವು ಕಂಪನಿಗಳು ಪೊಲೀಸ್ ಪ್ರಮಾಣಪತ್ರವನ್ನೇ ಕೇಳುತ್ತವೆ. ಕರ್ನಾಟಕದಲ್ಲಿ ಅದಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಅಂದರೆ, "ಯಾರಿಗೆ ಗೊತ್ತಾಗುತ್ತೆ ಬಿಡು" ಎನ್ನುವ ಕಾಲ ಹೋಯಿತು.

ಮುಚ್ಚಿಟ್ಟರೆ ಏನಾಗುತ್ತದೆ?

2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ದಾರಿ ಹಾಕಿಕೊಟ್ಟಿದೆ. ಕೇಸ್, ಬಂಧನ, ಶಿಕ್ಷೆ ಬಗ್ಗೆ ಫಾರಂನಲ್ಲಿ ಕೇಳಿದರೆ ನಿಜವನ್ನೇ ಬರೆಯಬೇಕು. ಫಾರಂ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ಶಿಕ್ಷಿಸುವಂತಿಲ್ಲ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ, ಮುಚ್ಚಿಟ್ಟಿದ್ದನ್ನೂ ಉದ್ಯೋಗದಾತರು ಮನ್ನಿಸಬಹುದು. ಆದರೆ "ಮನ್ನಿಸಬಹುದು" ಅಷ್ಟೇ, "ಮನ್ನಿಸಲೇಬೇಕು" ಎಂದಲ್ಲ.

2021ರಲ್ಲಿ ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದ ಒಬ್ಬ ನೌಕರನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಆತ ಶಿಕ್ಷೆಯಾದ ಸಂಗತಿ ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದ. ಅವನಿಗೆ ಜೈಲಿನ ಬದಲು ಪ್ರೊಬೇಷನ್ ಸಿಕ್ಕಿತ್ತು. ಆದರೂ ಅವನನ್ನು ತೆಗೆದುಹಾಕಿದ್ದು ಸರಿ ಎಂದೇ ತೀರ್ಪಾಯಿತು. ಅಲ್ಲಿ ಮುಖ್ಯವಾದದ್ದು ಹಳೆಯ ಕೇಸ್ ಎಷ್ಟು ದೊಡ್ಡದು ಎಂಬುದಲ್ಲ, ಅವನು ಕೊಟ್ಟ ಸುಳ್ಳು ಘೋಷಣೆ.

ನಿಜ ಹೇಳಿದರೆ ಕೆಲಸ ಖಚಿತವೇ?

ಅದೂ ಇಲ್ಲ. ನಿಜ ಹೇಳಿದರೂ ಅಪರಾಧ ಎಂಥದ್ದು, ಹುದ್ದೆ ಯಾವುದು ಎಂದು ನೋಡಿ ನಿರ್ಧರಿಸುವ ಅಧಿಕಾರ ಉದ್ಯೋಗದಾತರಿಗಿದೆ. ಪೊಲೀಸ್ ಹುದ್ದೆಗೆ ಅಳತೆ ಬಿಗಿ. ಗಂಭೀರ ಪ್ರಕರಣದಲ್ಲಿ ತಾಂತ್ರಿಕ ಕಾರಣಕ್ಕೆ ಖುಲಾಸೆಯಾಗಿದ್ದರೆ ಅದನ್ನೂ ತೂಗಿ ನೋಡಬಹುದು.

18 ವರ್ಷದೊಳಗೆ ಆದ ತಪ್ಪಿಗೆ ಬೇರೆ ನಿಯಮವಿದೆ. ಬಾಲನ್ಯಾಯ ಕಾಯ್ದೆ 2015ರ 24ನೇ ಸೆಕ್ಷನ್ ಪ್ರಕಾರ ಆ ಕಾರಣಕ್ಕೆ ಮುಂದೆ ಅನರ್ಹತೆ ಅಂಟುವುದಿಲ್ಲ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದು ತೀರ್ಮಾನಿಸಿದ ಪ್ರಕರಣಗಳಿಗೆ ಮಾತ್ರ ಈ ರಕ್ಷಣೆ ಇಲ್ಲ.

ಹಾಗಾದರೆ ಏನು ಮಾಡಬೇಕು?

ಹಳೆಯ ಕೇಸ್ ಇದ್ದರೆ ಈಗಲೇ ತೀರ್ಪಿನ ದೃಢೀಕೃತ ಪ್ರತಿ ಪಡೆದಿಟ್ಟುಕೊಳ್ಳಿ. ಫಾರಂನಲ್ಲಿ "ಶಿಕ್ಷೆಯಾಗಿದೆಯೇ?" ಎಂದು ಕೇಳಿದ್ದಾರೋ, "ಎಂದಾದರೂ ಕೇಸ್ ದಾಖಲಾಗಿದೆಯೇ?" ಎಂದು ಕೇಳಿದ್ದಾರೋ ಸರಿಯಾಗಿ ಓದಿ, ಕೇಳಿದ್ದಕ್ಕೆ ನಿಜ ಬರೆಯಿರಿ. ಸಂಶಯವಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಿ.

ಇನ್ನು ಮುಂದೆ "ಬರೆಯಬೇಡ" ಎಂಬ ಸಲಹೆ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದ ಒಬ್ಬ ಹುಡುಗ ಕೈಗೆ ಬಂದ ಕೆಲಸ ಕಳೆದುಕೊಳ್ಳಬಹುದು.