ಅತ್ತಿ ಮರಕ್ಕೆ ಕೊಡಲಿ ಹಾಕುವ ಮುನ್ನ

ಕಾಫಿ, ಮೆಣಸಿಗೆ ಒಳ್ಳೆಯ ಬೆಲೆ ಬಂದಾಗಲೆಲ್ಲ ನಮ್ಮ ತೋಟಗಳಲ್ಲಿ ಮೊದಲ ಪೆಟ್ಟು ಬೀಳುವುದು ಕಾಡುಮರಗಳಿಗೆ. ಅತ್ತಿ, ಬಸರಿ, ಗೋಣಿ ಮರಗಳನ್ನು ತೆಗೆದು ಸಿಲ್ವರ್ ನೆಡುವುದೇ ತೋಟದ ಸುಧಾರಣೆ ಎಂಬ ಭಾವನೆ ಬೆಳೆದಿದೆ. ಈ ಬಗ್ಗೆ ಸದಸ್ಯ ಬಂಧುಗಳ ಮುಂದೆ ನಾಲ್ಕು ಮಾತು ಇಡಬಯಸುತ್ತೇನೆ.

ಸಿಲ್ವರ್ ಮರದ ಮೇಲೆ ನನಗೇನೂ ದ್ವೇಷವಿಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರ ನೇರವಾಗಿ, ಬೇಗನೆ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಆಸರೆ, ಕಡಿದರೆ ಕೈಗೆ ಕಾಸು. ಅತ್ತಿಯಾದರೋ ಅಗಲಕ್ಕೆ ಹರಡುತ್ತದೆ. ಕಾಲಕಾಲಕ್ಕೆ ಮರಗಸಿ ಮಾಡದಿದ್ದರೆ ನೆರಳು ಅತಿಯಾಗಿ ಕಾಫಿಗೆ ಕೊಳೆರೋಗ ತರುತ್ತದೆ. ಮರ ಹತ್ತುವ ಆಳು ಸಿಗುವುದೂ ಈಗ ಕಷ್ಟ. ಇದೆಲ್ಲ ನಿಜವೇ.

ಆದರೂ ತೋಟದ ನೆರಳೆಲ್ಲ ಒಂದೇ ಜಾತಿಯ ಮರದ್ದಾಗಬಾರದು. ಸಿಲ್ವರ್ ನೆರಳು ತೆಳು. ಅದರ ಎಲೆ ಬೇಗ ಕೊಳೆಯುವುದಿಲ್ಲ. ಅತ್ತಿ ಎಲೆ ಬೇಗ ಕರಗಿ ಮಣ್ಣು ಸೇರುತ್ತದೆ. ಅರೇಬಿಕಾ ಬೆಳೆಗಾರರು ಇನ್ನೊಂದನ್ನು ನೆನಪಿಡಬೇಕು. ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಬಿದ್ದ ಗಿಡವೇ ಇಷ್ಟ. ನೆರಳು ತೆಗೆಯುವುದೆಂದರೆ ಅದಕ್ಕೆ ಬಾಗಿಲು ತೆರೆದಂತೆ.

ಅತ್ತಿಯ ಹೂ ಹೊರಗೆ ಕಾಣುವುದಿಲ್ಲ; ಕಾಯಿಯ ಒಳಗೇ ಇರುತ್ತದೆ. ಪರಾಗಸ್ಪರ್ಶಕ್ಕೆ ಒಂದು ಸಣ್ಣ ಕಣಜವೇ ಬೇಕು. ಹಣ್ಣು ಬಿಡಿಸಿದಾಗ ಕಾಣುವ ಹುಳದ ಗುಟ್ಟು ಇದು. ವರ್ಷದಲ್ಲಿ ಹಲವು ಬಾರಿ ಹಣ್ಣಾಗುವುದರಿಂದ, ಬೇರೆ ಮರಗಳು ಬರಿದಾದಾಗಲೂ ಮಂಗಟ್ಟೆ, ಕುಟ್ರುಹಕ್ಕಿ, ಹಸುರು ಪಾರಿವಾಳ, ಬಾವಲಿಗಳಿಗೆ ಇದೇ ಅನ್ನಛತ್ರ. ಇವು ಬೀಜ ಬೀರಿದಲ್ಲಿ ಕಾಡು ಹುಟ್ಟುತ್ತದೆ.

ಹಿರಿಯರು ಈ ಮರವನ್ನು ಸುಮ್ಮನೆ ಪೂಜಿಸಲಿಲ್ಲ. ದತ್ತಾತ್ರೇಯನ ಔದುಂಬರ ಇದೇ. ಹೋಮದ ಸಮಿತ್ತು ಇದರದು. ತೊಗಟೆ ಆಯುರ್ವೇದದ ಪಂಚವಲ್ಕಲಗಳಲ್ಲೊಂದು. ಸುಮಾರು 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ, ಅಂತರ್ಜಲದ ಸುಳಿವು ಕೊಡುವ ಮರಗಳಲ್ಲಿ ಇದನ್ನೂ ಸೇರಿಸಿದೆ. ಹಳ್ಳದ ಅಂಚಿನಲ್ಲಿ ಬೇರೂರಿ ದಡ ಹಿಡಿದಿಡುವ ಈ ಮರದ ಬೆಲೆ, ಕಣಿವೆಯ ಅಡಿಕೆ ತೋಟದವರಿಗೆ ಬೇರೆ ಹೇಳಬೇಕಾಗಿಲ್ಲ.

ಕಾನೂನಿನ ಮಾತನ್ನೂ ಆಡಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಕಡಿಯಲು ವಿನಾಯಿತಿಯಿದೆ. ಹಲವು ಕಾಡುಮರಗಳಿಗೆ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಆದರೆ ಮುಂದೆ ಕಚೇರಿ ಅಲೆಯಬೇಕೆಂಬ ಅಂಜಿಕೆಯಿಂದ ಸಣ್ಣ ಹಿಡುವಳಿದಾರ ಕಾಡುಮರದ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತೆಸೆಯುತ್ತಾನೆ. ರಕ್ಷಿಸಲು ಬಂದ ನಿಯಮವೇ ಮರಕ್ಕೆ ಮುಳುವಾಗುತ್ತಿದೆ. ತಾನೇ ನೆಟ್ಟು ಬೆಳೆಸಿದ ಮರದ ಮೇಲೆ ಬೆಳೆಗಾರನಿಗೆ ಸರಳವಾದ ಹಕ್ಕು ಸಿಗಬೇಕೆಂದು ಸಂಘದ ಮುಂದಿನ ಮಹಾಸಭೆಯಲ್ಲಿ ಠರಾವು ಮಂಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಇರುವ ಅತ್ತಿಯನ್ನು ಕಡಿಯದೆ ಮರಗಸಿಯಲ್ಲಿ ಹದಮಾಡಿ. ಹಕ್ಕಿ ಬಿತ್ತಿದ ಸಸಿ ಬೇಲಿಯಂಚಿನಲ್ಲಿ ಎದ್ದಿದ್ದರೆ ಕಳೆಯೊಡನೆ ಸವರಬೇಡಿ. ಎಕರೆಗೆ ಎರಡಾದರೂ ಉಳಿಯಲಿ. ಬೆಲೆ ಏರುತ್ತದೆ, ಇಳಿಯುತ್ತದೆ. ಕಡಿದ ಮರದ ನೆರಳು ಮತ್ತೆ ಬರಲು ಒಂದು ತಲೆಮಾರು ಬೇಕು.